ಹಿಡಿದುಕೊಂಡ ಭುಜ, ಹೊರಿಸಿದ ಸ್ವಭಾವ

ಬೆನ್ನ ಹಿಂದೆ ಕೈ ಹೋಗುವುದಿಲ್ಲ, ತಲೆ ಬಾಚಿಕೊಳ್ಳಲಾಗುವುದಿಲ್ಲ, ಆ ಮಗ್ಗುಲಿಗೆ ಮಲಗಿದರೆ ನಿದ್ದೆಯಿಲ್ಲ. ಇದನ್ನು ನಮ್ಮಲ್ಲಿ ‘ಭುಜ ಹಿಡಿದುಕೊಂಡಿದೆ’ ಎನ್ನುತ್ತಾರೆ. ಹೀಗೆ ಹಿಡಿಯುವುದು ಯಾಕೆ ಎಂದು ವೈದ್ಯರು ನೂರೈವತ್ತು ವರ್ಷಗಳಿಂದ ಹುಡುಕುತ್ತಿದ್ದಾರೆ. ಆ ಹುಡುಕಾಟದ ನಡುವೆ ಒಮ್ಮೆ ತಪ್ಪನ್ನು ರೋಗಿಯ ಸ್ವಭಾವದ ಮೇಲೆಯೇ ಹೊರಿಸಲಾಯಿತು. ಆ ಘಟ್ಟವನ್ನು ಮರೆಯಬಾರದು ಎನ್ನಿಸುತ್ತದೆ.

1872ರಲ್ಲಿ ಫ್ರಾನ್ಸಿನ ಶಸ್ತ್ರವೈದ್ಯ ಡ್ಯುಪ್ಲೆ, ಈ ತೊಂದರೆ ಕೀಲಿನೊಳಗಿನದಲ್ಲ, ಅದರ ಸುತ್ತಲಿನ ಅಂಗಾಂಶಗಳದ್ದು ಎಂದು ವಾದಿಸಿ ‘ಪೆರಿಆರ್ಥ್ರೈಟಿಸ್’ ಎಂಬ ಹೆಸರು ಕೊಟ್ಟರು. ಇಂದು ಎಲ್ಲರ ಬಾಯಲ್ಲಿರುವ ‘ಫ್ರೋಜನ್ ಶೋಲ್ಡರ್’ ಎಂಬ ಹೆಸರು ಬಂದದ್ದು 1934ರಲ್ಲಿ, ಬಾಸ್ಟನ್ನಿನ ಅರ್ನೆಸ್ಟ್ ಕಾಡ್‌ಮನ್ ಅವರ ಪುಸ್ತಕದಿಂದ. ಚಿಕಿತ್ಸೆಯ ನಂತರ ಪ್ರತಿ ರೋಗಿಯೂ ಏನಾದ ಎಂದು ಆಸ್ಪತ್ರೆಗಳು ಲೆಕ್ಕ ಇಡಬೇಕೆಂದು ಹಟ ಹಿಡಿದು ಸಹೋದ್ಯೋಗಿಗಳ ಸಿಟ್ಟಿಗೆ ಗುರಿಯಾದವರು ಅವರು. ಈ ಕಾಯಿಲೆಯ ಕಾರಣ ಹೇಳುವುದೂ ಕಷ್ಟ, ವಾಸಿ ಮಾಡುವುದೂ ಕಷ್ಟ ಎಂದು ಅವರು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು. 1945ರಲ್ಲಿ ಅಮೆರಿಕದವರೇ ಆದ ನೆವಿಯಾಸರ್, ಕೀಲನ್ನು ಸುತ್ತಿದ ಚೀಲದಂಥ ಪೊರೆ ದಪ್ಪಗಾಗಿ ಕುಗ್ಗಿರುವುದನ್ನು ತೋರಿಸಿದರು. ಏನಾಗಿದೆ ಎಂಬುದು ಹೀಗೆ ತಿಳಿಯಿತು. ಯಾಕಾಯಿತು ಎಂಬುದು ತಿಳಿಯಲಿಲ್ಲ.

ಆ ಖಾಲಿ ಜಾಗವನ್ನು ತುಂಬಲು ಬಂದದ್ದು ಮನಸ್ಸು. 1953ರಲ್ಲಿ ಮೇಯೊ ಕ್ಲಿನಿಕ್‌ನ ಮಾರ್ಕ್ ಕವೆಂಟ್ರಿ ‘ಪೆರಿಆರ್ಥ್ರೈಟಿಸ್ ವ್ಯಕ್ತಿತ್ವ’ದ ಮಾತೆತ್ತಿದರು. ಇಂಥ ರೋಗಿಗಳು ನೋವು ಸಹಿಸಲಾರರು, ಗುಣವಾಗಲು ತಾವಾಗಿ ಪ್ರಯತ್ನಿಸರು, ಬೇರೆಯವರೇ ವಾಸಿ ಮಾಡಲಿ ಎಂದು ಕಾಯುತ್ತಾರೆ ಎಂಬುದು ಆ ವಾದದ ಸಾರ. ಈ ಕಾಯಿಲೆ ಹೆಚ್ಚಾಗಿ ಬರುವುದು ನಲವತ್ತರಿಂದ ಅರವತ್ತರ ವಯಸ್ಸಿನವರಿಗೆ, ಅದರಲ್ಲೂ ಹೆಂಗಸರಿಗೆ ತುಸು ಹೆಚ್ಚು. ಹಾಗಾಗಿ ಈ ಹಣೆಪಟ್ಟಿ ಯಾರ ಹಣೆಗೆ ಸುಲಭವಾಗಿ ಅಂಟುತ್ತಿತ್ತು ಎಂದು ಊಹಿಸುವುದು ಕಷ್ಟವಲ್ಲ.

ಎರಡು ದಶಕಗಳ ನಂತರ ಇದನ್ನು ಪ್ರಶ್ನಾವಳಿಗಳಿಂದ ಪರೀಕ್ಷಿಸಲಾಯಿತು. ಬ್ರಿಟನ್ನಿನಲ್ಲಿ 1975ರ ಒಂದು ಅಧ್ಯಯನಕ್ಕೆ ರೋಗಿಗಳಾದ ಹೆಂಗಸರಲ್ಲಿ ಆತಂಕ ಹೆಚ್ಚಾಗಿ ಕಂಡಿತು. 1976ರ ಇನ್ನೊಂದಕ್ಕೆ ಅಂಥ ವಿಶಿಷ್ಟ ವ್ಯಕ್ತಿತ್ವವೇ ಕಾಣಲಿಲ್ಲ. ಆತಂಕ ಇದ್ದರೂ ಅದು ನೋವಿನ ಕಾರಣವೋ, ತಿಂಗಳುಗಟ್ಟಲೆ ನಿದ್ದೆಗೆಟ್ಟದ್ದರ ಫಲವೋ? ನೋವು ಬಂದ ಮೇಲೆ ಅಳೆದರೆ ಇದು ಗೊತ್ತಾಗುವುದಿಲ್ಲ. ಅಷ್ಟರಲ್ಲಿ 1972ರಲ್ಲಿ ಬ್ರಿಜ್‌ಮನ್ ಎಂಬ ವೈದ್ಯರು, 800 ಮಧುಮೇಹಿಗಳಲ್ಲಿ ಶೇ. 10.8 ಮಂದಿಗೂ ಮಧುಮೇಹವಿಲ್ಲದ 600 ಜನರಲ್ಲಿ ಶೇ. 2.3 ಮಂದಿಗೂ ಈ ತೊಂದರೆ ಇರುವುದನ್ನು ವರದಿ ಮಾಡಿದ್ದರು. ಸ್ವಭಾವಕ್ಕೆ ಕಟ್ಟಿದ್ದರ ಒಂದು ಪಾಲು ರಕ್ತದಲ್ಲಿನ ಸಕ್ಕರೆಗೆ ಸೇರಬೇಕಿತ್ತು.

ಹಾಗೆಂದು ಮನಸ್ಸಿಗೆ ಇಲ್ಲಿ ಕೆಲಸವೇ ಇಲ್ಲವೆಂದಲ್ಲ. 1965ರಲ್ಲಿ ಮೆಲ್ಜ್ಯಾಕ್ ಮತ್ತು ವಾಲ್ ಮಂಡಿಸಿದ ‘ದ್ವಾರ ಸಿದ್ಧಾಂತ’ದ ಪ್ರಕಾರ, ನೋವಿನ ಸಂದೇಶಗಳು ಬೆನ್ನುಹುರಿಯಲ್ಲೇ ಏರಿಳಿಯುತ್ತವೆ, ಮಿದುಳಿನಿಂದ ಇಳಿದು ಬರುವ ಸೂಚನೆಗಳೂ ಅವನ್ನು ತಗ್ಗಿಸಬಲ್ಲವು, ಹಿಗ್ಗಿಸಬಲ್ಲವು. ಭಾರ ಎತ್ತಿದಾಗ ಭುಜ ಉಳುಕಿ ನಾಲ್ಕು ದಿನ ಕಾಡುವ ನೋವಿಗೆ ಗಾಯವೇ ಬಹುಮಟ್ಟಿಗೆ ಲೆಕ್ಕ ಕೊಡುತ್ತದೆ. ಮೂರು ತಿಂಗಳು ದಾಟಿದ ನೋವಿನ ಲೆಕ್ಕ ಬೇರೆ: ನೋವಾದೀತೆಂಬ ಹೆದರಿಕೆಯಿಂದ ಕೈ ಆಡಿಸುವುದು ನಿಲ್ಲುತ್ತದೆ, ಆಡಿಸದ ಕೀಲು ಬಿಗಿಯುತ್ತದೆ, ಬಿಗಿದ ಕೀಲು ಇನ್ನಷ್ಟು ನೋಯುತ್ತದೆ.

ಇಂಗ್ಲೆಂಡಿನ ಅಧ್ಯಯನವೊಂದು ಭುಜನೋವಿಗೆ ಫಿಸಿಯೋಥೆರಪಿ ಪಡೆದ 1030 ಜನರನ್ನು ಆರು ತಿಂಗಳು ಹಿಂಬಾಲಿಸಿತು. ನೋವಿದ್ದರೂ ನಿಭಾಯಿಸಬಲ್ಲೆನೆಂಬ ವಿಶ್ವಾಸವಿದ್ದವರು, ಮೊದಲಲ್ಲಿ ಹೆಚ್ಚು ನೋವಿದ್ದರೂ, ಕಡಿಮೆ ನೋವಿದ್ದು ಆ ವಿಶ್ವಾಸವಿಲ್ಲದವರಷ್ಟೇ ಅಥವಾ ಅವರಿಗಿಂತ ಚೆನ್ನಾಗಿ ಚೇತರಿಸಿಕೊಂಡರು. ಕವೆಂಟ್ರಿಯವರ ಮಾತಿಗೂ ಇದಕ್ಕೂ ಮೇಲ್ನೋಟಕ್ಕೆ ಹೋಲಿಕೆಯಿದೆ. ಆದರೆ ಸ್ವಭಾವ ಎಂದೊಡನೆ ಚಿಕಿತ್ಸೆಯ ಬಾಗಿಲು ಮುಚ್ಚುತ್ತದೆ. ವಿಶ್ವಾಸವನ್ನಾದರೆ ತಾಳ್ಮೆಯಿಂದ ವಿವರಿಸಿ, ವ್ಯಾಯಾಮ ಕಲಿಸಿ ಬೆಳೆಸಬಹುದು. ‘ನಿಮಗೇನೂ ಆಗಿಲ್ಲ, ಎಲ್ಲಾ ಮನಸ್ಸಿನದು’ ಎನ್ನಿಸಿಕೊಂಡು ಹೊರಬರುವ ರೋಗಿಗಳು ಇಂದಿಗೂ ಇದ್ದಾರೆ. ಅವರ ಸಕ್ಕರೆಯನ್ನೂ ನಿದ್ದೆಯನ್ನೂ ಹೆದರಿಕೆಯನ್ನೂ ಒಟ್ಟಿಗೇ ವಿಚಾರಿಸುವ ವೈದ್ಯರು ಸಿಕ್ಕರೆ ಈ ಚರಿತ್ರೆಯಿಂದ ಏನೋ ಕಲಿತಂತೆ.