ಬೇಳೆ ಬೇಯದೆಂಬ ಮಾತು

ಕಲಬುರಗಿಯ ನೆಹರು ಗಂಜಿನಲ್ಲಿ ತೊಗರಿಯ ಮೂಟೆಗಳ ನಡುವೆ ನಡೆದುಹೋಗುವವನಿಗೆ ಎರಡು ಭಾಷೆಗಳಲ್ಲಿ ಒಂದೇ ನುಡಿ ಕೇಳಬರುವುದುಂಟು. 'ನಿನ್ನ ಬೇಳೆ ಇಲ್ಲಿ ಬೇಯದು' ಎಂದು ಕನ್ನಡಿಗನು. 'ದಾಲ್ ನಹೀಂ ಗಲ್ತೀ' ಎಂದು ದಖನಿಯವನು. ಉಪಾಯವು ಫಲಿಸದೆಂಬುದೇ ಎರಡರ ತಾತ್ಪರ್ಯ. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಈ ಸೀಮೆಯಲ್ಲಿ ಎರಡು ಭಾಷೆಗಳೂ ಒಂದೇ ಅಂಗಡಿಯ ಕಟ್ಟೆಯ ಮೇಲೆ ಕುಳಿತು ಬೆಳೆದುವು. ಯಾವುದು ಯಾವುದರಿಂದ ಕಡ ತಂದಿತೆಂದು ನಿರ್ಣಯಿಸಹೊರಡುವುದು ವ್ಯರ್ಥಶ್ರಮವೇ ಸರಿ.

ದಾಲ್ ಎಂಬುದು ಸೀಳುವುದೆಂಬರ್ಥದ ಸಂಸ್ಕೃತದ 'ದಲ್' ಧಾತುವಿನಿಂದ ಬಂದುದು. ಗಂಜ್ ಎಂಬುದು ಪಾರಸಿಯಲ್ಲಿ ನಿಧಿ, ಬೊಕ್ಕಸ. ಧಾನ್ಯಪೇಟೆಯೆಂಬ ಅರ್ಥವು ಆಮೇಲಿನದು. ಅಮರಕೋಶದಲ್ಲಾದರೋ 'ಗಂಜಾ' ಎಂದರೆ ಮದಿರಾಗೃಹ! ಗಂಜಿನ ಸಾಹುಕಾರರು ಅಮರನ ಮೇಲೆ ಮುನಿಯಬಾರದು.

ಮುಖ್ಯಾರ್ಥಕ್ಕೆ ಬಾಧೆಯೊದಗಿದಲ್ಲಿ ಮಾತ್ರ ಲಕ್ಷಣೆಯು ಹುಟ್ಟುವುದೆಂದು ಆಲಂಕಾರಿಕರ ಮತ. ಆದರೆ ಈ ನುಡಿಯ ಮುಖ್ಯಾರ್ಥವು ಕಲಬುರಗಿಯ ಒಲೆಯ ಮೇಲೆ ಇಂದಿಗೂ ಜೀವಂತವಾಗಿರುವುದು. ಶಹಾಬಾದು, ಚಿತ್ತಾಪುರ, ಸೇಡಂ ಕಡೆಯ ನೆಲದಡಿಯಲ್ಲಿರುವುದು ಸುಣ್ಣಕಲ್ಲು. ಆ ಕಲ್ಲಿನ ನಡುವೆ ಜಿನುಗಿ ಬಂದ ನೀರು ಗಡಸು. ಅದರೊಳಗಿನ ಸುಣ್ಣದ ಅಂಶವು ಕಾಳಿನ ಕಣಗಳನ್ನು ಬೆಸೆದಿರುವ ಅಂಟುವಸ್ತುವಿನೊಡನೆ ಕೂಡಿ ಅದನ್ನು ಕರಗಗೊಡದು. ಸೌದೆ ಎಷ್ಟು ಉರಿದರೂ ಬೇಳೆ ಬೇಳೆಯಾಗಿಯೇ ಉಳಿಯುವುದು. ಚಿಟಿಕೆ ಅಡುಗೆ ಸೋಡಾ ಹಾಕಿದರೆ ಮಣಿಯುವುದು. ಬಹುಕಾಲ ಸೆಕೆಯಲ್ಲಿ ದಾಸ್ತಾನಿದ್ದ ಹಳೆಯ ಬೇಳೆಯೂ ಹೀಗೆಯೇ ಹಟಮಾರಿ. ಅಕ್ಕಿಗೆ ಈ ಹಟವಿಲ್ಲ. ಆದುದರಿಂದಲೇ ಇರಬೇಕು, 'ನಿನ್ನ ಅನ್ನ ಬೇಯದು' ಎಂದು ಯಾರೂ ಮೂದಲಿಸಲಿಲ್ಲ.

ಹಾಗಿರಲು ನುಡಿಯು ಮಾಡಿದ ಅನ್ಯಾಯವನ್ನು ನೋಡಬೇಕು. ತಪ್ಪು ನೀರಿನದು, ಇಲ್ಲವೆ ದಾಸ್ತಾನಿನದು; ಅಪಕೀರ್ತಿ ಮಾತ್ರ ಬೇಯಿಸಿದವನಿಗೆ. ಒಂದು ವೇಳೆ ಬೆಂದರೂ ಅವನಿಗೆ ಬಿಡುಗಡೆಯಿಲ್ಲ. 'ತನ್ನ ಬೇಳೆ ಬೇಯಿಸಿಕೊಂಡ' ಎಂದು ಸ್ವಾರ್ಥಿಯ ಪಟ್ಟ ಕಟ್ಟುವರು. ಅತ್ತ ಸೊಸೆಯಂದಿರು ಗಡಸು ನೀರಿನ ದೆಸೆಯಿಂದ ಎಷ್ಟು ಮಾತು ಕೇಳಿರುವರೋ, ಅದನ್ನು ಯಾವ ನಿಘಂಟುಕಾರನೂ ಬರೆದಿಡಲಿಲ್ಲ.

ಬೇಳೆಯ ಗುಣದಲ್ಲಿಯಂತೂ ಕೊರತೆಯಿಲ್ಲ. 2019ರಲ್ಲಿ 'ಗುಲ್ಬರ್ಗ ತೊಗರಿ ಬೇಳೆ'ಗೆ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ಊರಿನ ಹೆಸರು 2014ರಲ್ಲಿಯೇ ಕಲಬುರಗಿಯೆಂದು ಬದಲಾಗಿದ್ದರೂ ಬೇಳೆಯು ಹಳೆಯ ಹೆಸರನ್ನು ಬಿಡಲಿಲ್ಲ. ಮೂರು ವರ್ಷ ಕಳೆಯುವಷ್ಟರಲ್ಲಿ, 2022ರ ಹಂಗಾಮಿನಲ್ಲಿ, ಜಿಲ್ಲೆಯ ತೊಗರಿಗೆ ನೆಟೆರೋಗ ತಗುಲಿ ಗಿಡಗಳು ನಿಂತಲ್ಲಿಯೇ ಒಣಗಿದುವು. ಆ ವರ್ಷ ಗಿಡ ಒಣಗಿದ ಹೊಲದ ಒಕ್ಕಲಿಗನಿಗೆ ಗಂಜಿಗೆ ಹೇರಲು ಮೂಟೆಯಿರಲಿಲ್ಲ, ಸಾಲಗಾರನು ಬಾಗಿಲಲ್ಲಿದ್ದನು. ಬೇಳೆ ಬೇಯದೆಂಬ ಮಾತನ್ನು ಅವನ ಮುಂದೆ ಲಕ್ಷಣೆಯಾಗಿ ಆಡುವಂತಿರಲಿಲ್ಲ.