ಆರು ಬಣ್ಣದ ಮಷಿನ್‌ನಲ್ಲಿ ಪ್ರಿಂಟ್ ಹಾಕಿಸಿದರೆ ಬ್ಯಾನರ್ ಮೊಬೈಲ್‌ನಲ್ಲಿ ಕಂಡಷ್ಟೇ ಹೊಳೆಯುತ್ತದೆಯೇ?

ಕೊಪ್ಪಳದ ಗವಿಮಠದ ಜಾತ್ರೆ ಹತ್ತಿರ ಬಂತೆಂದರೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆ ಬ್ಯಾನರ್ ಹಾಕಿಸುವವರ ಓಡಾಟ ಜೋರು. ಜೊತೆಗೇ ಒಂದು ದೂರು: ‘ಮೊಬೈಲ್‌ನಲ್ಲಿ ಕೇಸರಿ ಝಗಝಗ ಅಂತಿತ್ತು, ಬ್ಯಾನರ್‌ನಲ್ಲಿ ಇಟ್ಟಿಗೆ ಬಣ್ಣ ಬಂದಿದೆ. ಕಳಪೆ ಇಂಕ್ ಹಾಕಿ ಮೋಸ ಮಾಡಿದ್ದಾರೆ.’

ಮೋಸವೇ ಆಗಿರಬೇಕೆಂದಿಲ್ಲ. ಮೊಬೈಲ್ ಪರದೆ ಕೆಂಪು, ಹಸಿರು, ನೀಲಿ ಬೆಳಕನ್ನು ತಾನೇ ಹೊರಸೂಸುತ್ತದೆ. ಇಂಕ್‌ಗೆ ಸ್ವಂತ ಬೆಳಕಿಲ್ಲ. ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಒಂದಷ್ಟನ್ನು ಹೀರಿಕೊಂಡು, ಉಳಿದದ್ದನ್ನು ನಮ್ಮ ಕಣ್ಣಿಗೆ ಬಿಡುತ್ತದೆ. ಸಾಮಾನ್ಯ ಮಷಿನ್‌ನಲ್ಲಿರುವುದು ಸಯಾನ್, ಮಜೆಂಟಾ, ಹಳದಿ, ಕಪ್ಪು ಮಾತ್ರ. ಕೇಸರಿ ಬೇಕೆಂದರೆ ಹಳದಿಯ ಜೊತೆ ಮಜೆಂಟಾ ಬೆರೆಯಬೇಕು. ಈ ಇಂಕ್‌ಗಳು ಬೇಡದ ಬೆಳಕನ್ನೂ ಸ್ವಲ್ಪ ನುಂಗುವುದರಿಂದ ಬಣ್ಣ ಮಂಕಾಗುತ್ತದೆ. ಗಿಳಿಹಸಿರು, ನೇರಳೆಗಳ ಪಾಡೂ ಅದೇ.

ಇದಕ್ಕೆ ಪರಿಹಾರ ಇದೆ: ಆರೆಂಜ್, ಹಸಿರು, ವಯೊಲೆಟ್ ಇಂಕ್‌ಗಳನ್ನು ಪ್ರತ್ಯೇಕವಾಗಿಯೇ ಸೇರಿಸುವುದು. ಪ್ಯಾಂಟೋನ್ ಕಂಪನಿ 1990ರ ದಶಕದಲ್ಲೇ ಆರೆಂಜ್ ಮತ್ತು ಹಸಿರು ಸೇರಿಸಿ ‘ಹೆಕ್ಸಾಕ್ರೋಮ್’ ಎಂಬ ಆರು ಬಣ್ಣದ ಪದ್ಧತಿ ತಂದಿತ್ತು.

ಹಾಗಾದರೆ ‘ಆರು ಬಣ್ಣ’ ಎಂದು ಬೋರ್ಡ್ ಹಾಕಿದ ಅಂಗಡಿಗೆ ಹೋದರೆ ಸಾಕೇ? ಎಡವುವುದು ಇಲ್ಲೇ. ಎಷ್ಟೋ ಮಷಿನ್‌ಗಳಲ್ಲಿ ಹೆಚ್ಚುವರಿ ಎರಡು ಬಣ್ಣ ಎಂದರೆ ತಿಳಿ ಸಯಾನ್, ತಿಳಿ ಮಜೆಂಟಾ. ಇವುಗಳಿಂದ ಮುಖ, ಆಕಾಶ ನುಣುಪಾಗಿ ಬರುತ್ತವೆ, ಚುಕ್ಕೆ ಕಾಣುವುದಿಲ್ಲ. ಆದರೆ ಕೇಸರಿ ಇಷ್ಟೇನೂ ಉಜ್ವಲವಾಗುವುದಿಲ್ಲ. ಎಷ್ಟು ಬಣ್ಣ ಎಂದಲ್ಲ, ಯಾವ ಯಾವ ಬಣ್ಣ ಎಂದು ಕೇಳಿ.

ಆರೆಂಜ್ ಇಂಕ್ ಇದ್ದರೂ ಸಾಫ್ಟ್‌ವೇರ್ ಅದನ್ನು ಬಳಸಬೇಕಲ್ಲ. ಯಾವ ಇಂಕ್ ಎಷ್ಟು ಬೀಳಬೇಕೆಂದು ನಿರ್ಧರಿಸುವುದು ‘ಪ್ರೊಫೈಲ್’ ಎಂಬ ಫೈಲ್. ಆ ಮಷಿನ್, ಆ ಇಂಕ್, ಆ ಬಟ್ಟೆಗೆಂದೇ ಅಳೆದು ಮಾಡಿದ ಪ್ರೊಫೈಲ್ ಬೇಕು. ರಾಜ್ಯದಲ್ಲಿ 2016ರಿಂದಲೇ ಪ್ಲಾಸ್ಟಿಕ್ ಫ್ಲೆಕ್ಸ್‌ಗೆ ನಿಷೇಧವಿದೆ (ಪಾಲನೆ ಎಷ್ಟೆಂಬುದು ನಿಮಗೇ ಗೊತ್ತು). ಫ್ಲೆಕ್ಸ್‌ಗೆ ಮಾಡಿದ ಪ್ರೊಫೈಲ್‌ನಲ್ಲಿ ಬಟ್ಟೆಯ ಮೇಲೆ ಹೊಡೆದರೆ ಬಣ್ಣ ಕೆಡುತ್ತದೆ. ಡಿಸೈನರ್ ಮೊದಲೇ ಫೈಲನ್ನು ನಾಲ್ಕು ಬಣ್ಣಕ್ಕೆ ಇಳಿಸಿ ಕೊಟ್ಟಿದ್ದರಂತೂ ಕಳೆದುಹೋದ ಹೊಳಪನ್ನು ಹೊಸ ಇಂಕ್ ತಾನಾಗಿ ಮರಳಿಸದು.

ಪೂರ್ತಿ ಬ್ಯಾನರ್‌ಗೆ ಮೊದಲು ಅದೇ ಬಟ್ಟೆಯ ಮೇಲೆ ಒಂದು ಅಡಿಯ ಮಾದರಿ ತೆಗೆಸಿ, ಹಗಲು ಬೆಳಕಿನಲ್ಲಿ ನೋಡಿ ಒಪ್ಪಿಗೆ ಕೊಡಿ. ಫೈಲನ್ನು ವಾಟ್ಸಾಪ್‌ನಲ್ಲಿ ಫೋಟೊ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಿ. ಕಿನ್ನಾಳದ ಗೊಂಬೆಯ ಬಣ್ಣವೇ ಬೇಕೆಂದರೆ ಮೊಬೈಲ್ ತೋರಿಸಬೇಡಿ, ಗೊಂಬೆಯನ್ನೇ ಅಂಗಡಿಗೆ ಒಯ್ದು ಮಾದರಿಯ ಪಕ್ಕದಲ್ಲಿಡಿ.