ಮಡಿಕೇರಿ ಮಲೆ ಮೇಲೆ ಒಂದ್ ದಿನ

ಮಡಿಕೇರಿ ಅಂದ್ರೆ ನಮ್ ಹೆಂಗಸ್ರಿಗೆ ರಾಜಾಸೀಟು, ಅಬ್ಬಿ ಫಾಲ್ಸು, ಕಾಫಿಪುಡಿ, ಇಷ್ಟೇ. ಬೆಳಗ್ಗೆ ಹೋಗಿ ಸಂಜೆ ಬಂದ್ಬಿಡ್ತೀವಿ. ಆದ್ರೆ ಆ ಊರು ಇದಕ್ಕಿಂತ ಬಹಳ ಸ್ವಾರಸ್ಯದ್ದು ಕಣ್ರವ್ವ. ಈ ಸಲ ನೀವು ಹೋದಾಗ ಏನೇನು ನೋಡ್ಬೇಕು, ಅದರ ಹಿಂದೆ ಏನು ಕಥೆ ಐತೆ ಅಂತ ಬರೀತಿದೀನಿ.

ರಾಮನಾಥಪುರದಿಂದ ಕೊಣನೂರು, ಶಿರಂಗಾಲ, ಕೂಡಿಗೆ, ಕುಶಾಲನಗರ, ಸುಂಟಿಕೊಪ್ಪ ದಾಟಿದ್ರೆ ಏರುದಾರಿ. ನಮ್ಮೂರ ಹೊಳೇಲಿ ದೇವರ ಮೀನಿಗೆ ಪುರಿ ಹಾಕ್ತೀವಲ್ಲ, ಆ ಕಾವೇರಿ ಇಳಿದು ಬರೋದೂ ಆ ಸೀಮೆಯಿಂದ್ಲೇ. ಈಗ ಶಿರಂಗಾಲ ದಾಟಿದ್ದು ಗೊತ್ತೇ ಆಗಲ್ಲ. ಆದ್ರೆ 1956ರ ನವೆಂಬರ್ 1ರವರೆಗೆ ಕೊಡಗು ಬೇರೆ ರಾಜ್ಯ, ಅದಕ್ಕೆ ಬೇರೆ ಮುಖ್ಯಮಂತ್ರಿ ಇದ್ರು. ನಮ್ಮ ಅಜ್ಜಿಯರ ಕಾಲದಲ್ಲಿ ಶಿರಂಗಾಲಕ್ಕೆ ಹೆಣ್ಣು ಕೊಟ್ರೆ ಪರರಾಜ್ಯಕ್ಕೆ ಕೊಟ್ಟಂಗೆ!

ಮಡಿಕೇರಿ ಸುಮಾರು 3,800 ಅಡಿ ಎತ್ತರದಲ್ಲೈತೆ. ಹಾಲೇರಿ ವಂಶದ ಮುದ್ದುರಾಜ 1681ರಲ್ಲಿ ಇಲ್ಲಿ ರಾಜಧಾನಿ ಮಾಡಿದ. ಮುದ್ದುರಾಜನ ಕೇರಿ ಅನ್ನೋದೇ ಮಡಿಕೇರಿ ಆಯ್ತು. ಅವನು ಕಟ್ಟಿಸಿದ್ದು ಮಣ್ಣಿನ ಕೋಟೆ, ಆಮೇಲೆ ಟಿಪ್ಪು ಕಲ್ಲಲ್ಲಿ ಕಟ್ಟಿಸಿದ. ಕೋಟೆ ಒಳಗೆ ಗಾರೆಯಲ್ಲಿ ಮಾಡಿದ ಎರಡು ಆನೆ ನಿಂತಿವೆ, ನಿಜವಾದ ಆನೆಯಷ್ಟೇ ದೊಡ್ಡವು. ಮಕ್ಕಳು ಅಲ್ಲಿಂದ ಕದಲೋದೇ ಇಲ್ಲ. ಪಕ್ಕದಲ್ಲಿ 1855ರಲ್ಲಿ ಇಂಗ್ಲಿಷರು ಕಟ್ಟಿದ ಚರ್ಚು. ಈಗ ಅದೇ ಮ್ಯೂಸಿಯಂ, ಒಳಗೆ ನಮ್ಮ ದೇವರ ವಿಗ್ರಹಗಳೂ ಅವೆ. ಚರ್ಚೊಳಗೆ ದೇವರು, ಅರಮನೆ ಮುಂದೆ ಗಾರೆ ಆನೆ. ಈ ಊರಿನ ರೀತೀನೇ ಹಂಗೆ.

ಓಂಕಾರೇಶ್ವರ ದೇವಸ್ಥಾನ ನೋಡಿದ್ರಂತೂ ಮೊದಲು ಮಸೀದಿನೇನೋ ಅನ್ಸುತ್ತೆ. ನಡುವೆ ಗುಮ್ಮಟ, ನಾಲ್ಕು ಮೂಲೇಲಿ ಮಿನಾರು, ಮುಂದೆ ಕೊಳ. 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ್ದು.

ಅಲ್ಲಿಂದ ಗದ್ದುಗೆಗೆ ಹೋಗ್ರಿ. ರಾಜರ ಸಮಾಧಿ ಅದು. ಜನ ಕಡಿಮೆ, ಹುಲ್ಲುಹಾಸು ಚೆನ್ನಾಗೈತೆ, ಕೂತು ಬುತ್ತಿ ಬಿಚ್ಚೋಕೆ ಅನುಕೂಲ ಅಂತ ಹೋದವರೆಲ್ಲ ಕೂತ್ಕೋತಾರೆ. ಆದ್ರೆ ಒಳಗೆ ಮಲಗಿರೋ ದೊಡ್ಡ ವೀರರಾಜೇಂದ್ರನಿಗೆ ಗಂಡುಮಕ್ಕಳಿರ್ಲಿಲ್ಲ. ಪ್ರೀತಿಯ ರಾಣಿ ಮಹದೇವಮ್ಮಾಜಿ ಹೋದ್ಮೇಲೆ, ಮಗಳು ದೇವಮ್ಮಾಜಿನೇ ಪಟ್ಟಕ್ಕೆ ಬರ್ಬೇಕು ಅಂತ ಅವನ ಇಷ್ಟ. 1809ರಲ್ಲಿ ಅವನು ತೀರಿಕೊಂಡ. ಹೆಣ್ಣುಮಗುಗೆ ಪಟ್ಟ ಆಯ್ತು, ನಿಜ. ಆದ್ರೆ ಎಷ್ಟು ದಿನ? ಚಿಕ್ಕಪ್ಪ ಲಿಂಗರಾಜ ನೋಡ್ಕೋತೀನಿ ಅಂತ ಬಂದು ತಾನೇ ರಾಜ ಆಗ್ಬಿಟ್ಟ. ಆಸ್ತಿ ವಿಷಯ ಬಂದಾಗ ನಮ್ಮ ಮನೆಗಳಲ್ಲಿ ನಡೆಯೋದೇ ಅರಮನೇಲೂ ನಡೀತು ನೋಡಿ. ಅಂದ್ರೆ ಓಂಕಾರೇಶ್ವರ ಕಟ್ಟಿಸಿದೋನೂ ಅವನೇ.

ಅವನ ಮಗ ಚಿಕ್ಕ ವೀರರಾಜೇಂದ್ರ ಕೊನೆ ರಾಜ. 1834ರಲ್ಲಿ ಇಂಗ್ಲಿಷರು ಇಳಿಸಿ ಕಾಶಿಗೆ ಕಳಿಸಿದ್ರು. 1837ರಲ್ಲಿ ಅವರ ವಿರುದ್ಧ ಎದ್ದ ಗುಡ್ಡೆಮನೆ ಅಪ್ಪಯ್ಯಗೌಡ್ರನ್ನ ಇದೇ ಮಡಿಕೇರಿ ಕೋಟೆ ಹತ್ರ ನೇಣಿಗೆ ಹಾಕಿದ್ರು. ರಾಜ 1852ರಲ್ಲಿ ತನ್ನ ದುಡ್ಡು ವಾಪಸ್ ಕೇಳೋಕೆ ಲಂಡನ್ನಿಗೆ ಹೋದ, ಜೊತೇಲಿ ಮಗಳು ಗೌರಮ್ಮ. ಇನ್ನೂ ಚಿಕ್ಕ ಹುಡುಗಿ. ಅವಳನ್ನ ಕ್ರಿಶ್ಚಿಯನ್ ಮಾಡಿದ್ರು, ವಿಕ್ಟೋರಿಯಾ ರಾಣಿ ತನ್ನ ಹೆಸರನ್ನೇ ಇಟ್ಲು. ಆ ಹುಡುಗಿ ತಿರುಗಿ ಈ ಕಡೆ ಬರ್ಲೇ ಇಲ್ಲ. 1864ರಲ್ಲಿ ಅಲ್ಲೇ ತೀರಿಕೊಂಡ್ಲು. ಅಪ್ಪನ ಲೆಕ್ಕಾಚಾರದಲ್ಲಿ, ರಾಣಿಯ ಪ್ರೀತಿಯಲ್ಲಿ, ಆ ಮಗುನ ನಿಂಗೇನು ಬೇಕವ್ವ ಅಂತ ಯಾರಾದ್ರೂ ಕೇಳಿದ್ರಾ?

ಇನ್ನೊಬ್ಬ ಗೌರಮ್ಮನೂ ಅವರೆ. 1912ರಲ್ಲಿ ಮಡಿಕೇರಿಲೇ ಹುಟ್ಟಿದ ಕಥೆಗಾರ್ತಿ, ಕೊಡಗಿನ ಗೌರಮ್ಮ. ಮನೆ, ಗಂಡ, ಮಗು ನೋಡ್ಕೊಂಡೇ ಕಥೆ ಬರೆದ್ರು. ವಿಧವೆಯರ ಸಂಕಟ ಬರೆದ್ರು. ಟೆನಿಸ್ ಆಡ್ತಿದ್ರು, ಈಜ್ತಿದ್ರು. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ ನಮ್ಮನೆಗೆ ಬರ್ಲೇಬೇಕು ಅಂತ ಉಪವಾಸ ಕೂತು ಕರೆಸ್ಕೊಂಡು, ಹರಿಜನ ನಿಧಿಗೆ ಒಡವೆ ಬಿಚ್ಚಿಕೊಟ್ರು. 1939ರಲ್ಲಿ ಇಪ್ಪತ್ತೇಳು ವರ್ಷಕ್ಕೇ ನೀರುಪಾಲಾದ್ರು. ಅವರ ಕಥೆಗಳು ‘ಕಂಬನಿ’ ಅಂತ ಪುಸ್ತಕ ಆಗಿದ್ದು ಅವರು ಹೋದ್ಮೇಲೆ.

ದಸರಾಕ್ಕೆ ಹೋಗೋದಾದ್ರೆ ಹಗಲು ನಿದ್ದೆ ಮಾಡ್ಕೊಂಡ್ ಹೋಗಿ. ಮೈಸೂರು ದಸರಾ ರಾಜಗಾಂಭೀರ್ಯದ್ದು, ಮಡಿಕೇರಿದು ಇಡೀ ರಾತ್ರಿ ಕುಣಿಯೋದು. ನಾಲ್ಕು ಶಕ್ತಿದೇವತೆಗಳ ಕರಗ ಪಂಪಿನ ಕೆರೆಯಿಂದ ಹೊರಡ್ತವೆ. ವಿಜಯದಶಮಿ ರಾತ್ರಿ ಹತ್ತು ಮಂಟಪ ದೀಪ ಹಾಕ್ಕೊಂಡು ಬರ್ತವೆ. ಒಂದೊಂದ್ರಲ್ಲೂ ದೇವರ ಬೊಂಬೆಗಳು ಕೈಕಾಲು ಆಡಿಸ್ತಾ ರಾಕ್ಷಸರನ್ನ ಕೊಲ್ತವೆ, ಹೊಗೆ ಏಳುತ್ತೆ, ಜನ ಹೋ ಅಂತಾರೆ. ಅಜ್ಜಿಯರೂ ಮೊಮ್ಮಕ್ಕಳ ಕೈ ಹಿಡ್ಕೊಂಡು ರಸ್ತೇಲೇ ಬೆಳಗು ಮಾಡ್ತಾರೆ. ‘ಇಷ್ಟೊತ್ತಲ್ಲಿ ಹೆಂಗಸ್ರು ಆಚೆ ಯಾಕೆ’ ಅನ್ನೋ ಮಾತು ಆ ಒಂದ್ ರಾತ್ರಿ ಅಲ್ಲಿ ನಡೆಯಲ್ಲ.

ಸಂಜೆ ರಾಜಾಸೀಟಲ್ಲಿ ಸೂರ್ಯ ಮುಳುಗೋದು ನೋಡಿ, ಬೇಡ ಅನ್ನಲ್ಲ. ಆಗಿನ ರಾಜರು ಕೂತ್ಕೋತಿದ್ದ ಜಾಗ ಅದು. ಸ್ವೆಟರ್ ಮರೀಬೇಡಿ, ಮಂಜು ಯಾವಾಗ ಬರುತ್ತೋ ಹೇಳಕ್ಕಾಗಲ್ಲ. ಜೊತೇಲಿ ಹೆಣ್ಮಕ್ಕಳನ್ನ ಕರ್ಕೊಂಡ್ ಹೋಗಿ. ರಾಜಾಸೀಟು ಅಂತ ಹೆಸರು ಓದಿದ್ಮೇಲೆ, ಪಟ್ಟ ಕಳ್ಕೊಂಡ ದೇವಮ್ಮಾಜಿ ಕಥೇನೂ ಅವರಿಗೆ ಹೇಳಿ.